ಇಲಿಗೆ ಕೆಲಸ ಮಾಡಿದ ಲಸಿಕೆಗೆ 20 ಲಕ್ಷ ಹಾಕಬಹುದಾ?

ಪ್ರಶ್ನೆ: ನಾನು ಮದ್ದೂರು ಕಡೆಯವನು. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದು ಈಗ ನಿವೃತ್ತ. ನನ್ನ ತಂಗಿಯ ಮಗ ಮತ್ತು ಅವನ ಇಬ್ಬರು ಗೆಳೆಯರು ಮೈಸೂರಿನಲ್ಲಿ ಬಯೋಟೆಕ್ ಸ್ಟಾರ್ಟಪ್ ಶುರು ಮಾಡಿದ್ದಾರೆ. ಡೆಂಗಿಗೂ ಮಂಗನ ಕಾಯಿಲೆಗೂ ಹೊಸ ಲಸಿಕೆ ಮಾಡುತ್ತಿದ್ದಾರಂತೆ. ಇಲಿಗಳಲ್ಲಿ ಶೇ 90ರಷ್ಟು ಫಲಿತಾಂಶ ಬಂದಿದೆ, ಎರಡು ವರ್ಷದಲ್ಲಿ ಮಾರ್ಕೆಟ್ಟಿಗೆ ಬರುತ್ತದೆ, ಕೋವಿಡ್ ಲಸಿಕೆ ಒಂದೇ ವರ್ಷದಲ್ಲಿ ಬರಲಿಲ್ವಾ ಮಾವ ಅಂತಾನೆ. ನನ್ನ ನಿವೃತ್ತಿ ಹಣದಲ್ಲಿ 20 ಲಕ್ಷ ಹಾಕಲು ಕೇಳುತ್ತಿದ್ದಾನೆ. ಹುಡುಗ ಬುದ್ಧಿವಂತ, ಸುಳ್ಳು ಹೇಳುವವನಲ್ಲ. ಹಾಕಬಹುದಾ? ಅವನನ್ನು ಏನೇನು ಕೇಳಬೇಕು?

ಉತ್ತರ: ಮೇಷ್ಟ್ರೇ, ಎರಡು ವರ್ಷದಲ್ಲಿ ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹುಡುಗರ ವಿಜ್ಞಾನ ಚೆನ್ನಾಗಿರಬಹುದು, ನಿಮ್ಮ ಸೋದರಳಿಯ ತಾನು ಹೇಳುತ್ತಿರುವುದನ್ನು ಮನಸಾರೆ ನಂಬಿರಬಹುದು, ಆದರೂ ಬರುವುದಿಲ್ಲ. ನಾನು ಲಸಿಕೆ ತಯಾರಿಕೆಯಲ್ಲಿ, ಅದರಲ್ಲೂ ಕ್ವಾಲಿಟಿ ವಿಭಾಗದಲ್ಲಿ, ಬಹಳ ಕಾಲ ಕೆಲಸ ಮಾಡಿದವನು. ಈಗ ಮೈಸೂರಿನಲ್ಲೇ ಇದ್ದೇನೆ, ಇಂಥ ಹುಡುಗರು ಆಗಾಗ ಮಾತಾಡಿಸಲು ಬರುತ್ತಾರೆ. ಅವರಲ್ಲಿ ಮೋಸಗಾರರು ಕಡಿಮೆ. ಲ್ಯಾಬಿನ ಆಚೆ ಏನಿದೆ ಅಂತ ನೋಡದವರೇ ಜಾಸ್ತಿ.

ಮೊದಲು ಆ ಶೇ 90 ಅಂದರೆ ಏನು ಅಂತ ಕೇಳಿ. ಯಾವುದರಲ್ಲಿ ಶೇ 90? ಇಲಿ ಪ್ರಯೋಗದಲ್ಲಿ ಎರಡು ಬಗೆ ಇದೆ. ಒಂದು, ಲಸಿಕೆ ಚುಚ್ಚಿ ಕೆಲವು ವಾರ ಬಿಟ್ಟು ರಕ್ತ ತೆಗೆದು, ಪ್ರತಿಕಾಯ (ರೋಗಾಣುವಿನ ವಿರುದ್ಧ ದೇಹ ತಯಾರಿಸುವ ಆಂಟಿಬಾಡಿ) ಎಷ್ಟು ಬಂದಿದೆ ಅಂತ ಅಳೆಯುವುದು. ಇನ್ನೊಂದು, ಲಸಿಕೆ ಹಾಕಿಸಿಕೊಂಡ ಇಲಿಗೆ ನಿಜವಾದ ವೈರಸ್ಸನ್ನೇ ಕೊಟ್ಟು ಅದು ಬದುಕುತ್ತದೋ ಸಾಯುತ್ತದೋ ನೋಡುವುದು. ಇದಕ್ಕೆ ಚಾಲೆಂಜ್ ಅನ್ನುತ್ತಾರೆ. ಮೊದಲನೆಯದನ್ನು ಒಂದು ಸಾಧಾರಣ ಲ್ಯಾಬ್, ಅನುಮತಿ ಇರುವ ಪ್ರಾಣಿಗೃಹ ಇದ್ದರೆ ಮಾಡಬಹುದು. ಆದರೆ ಪ್ರತಿಕಾಯ ಬಂದ ಮಾತ್ರಕ್ಕೆ ರಕ್ಷಣೆ ಬಂತು ಅಂತಲ್ಲ. ವೈರಸ್ ಜೀವಕೋಶದ ಒಳಗೆ ಹೋಗದಂತೆ ತಡೆಯುವ ಪ್ರತಿಕಾಯ ಬೇರೆ, ಸುಮ್ನೆ ಹೋಗಿ ಅಂಟಿಕೊಳ್ಳುವ ಪ್ರತಿಕಾಯ ಬೇರೆ.

ಮಂಗನ ಕಾಯಿಲೆಯ ಜೀವಂತ ವೈರಸ್ಸನ್ನು ಬಾಡಿಗೆ ಶೆಡ್ಡಿನಲ್ಲಿ ಮುಟ್ಟುವಂತಿಲ್ಲ. ಅದಕ್ಕೆ ಕಡಿಮೆ ಅಂದರೂ ಬಿಎಸ್‌ಎಲ್-3, ಅಂದರೆ ಜೈವಿಕ ಸುರಕ್ಷತೆಯ ಮೂರನೇ ಮಟ್ಟದ ಲ್ಯಾಬ್ ಬೇಕು, ಒಳಗಿನ ಗಾಳಿ ಸೋಸದೆ ಹೊರಗೆ ಹೋಗದಂತೆ ಕಟ್ಟಿದ್ದು. ಹಾಗಾದರೆ ಇವರು ಚಾಲೆಂಜ್ ಎಲ್ಲಿ ಮಾಡಿಸಿದರು? ಯಾವ ಸಂಸ್ಥೆಯ ವರದಿ ಇದೆ? ಡೆಂಗಿ ಕಥೆ ಇನ್ನೂ ಕಷ್ಟ. ಸಾಮಾನ್ಯ ಲ್ಯಾಬ್ ಇಲಿಗೆ ಡೆಂಗಿ ವೈರಸ್ ಕೊಟ್ಟರೆ ಅದು ಮನುಷ್ಯರ ಹಾಗೆ ಕಾಯಿಲೆ ಬೀಳುವುದೇ ಇಲ್ಲ. ಇಂಟರ್‌ಫೆರಾನ್ ರಕ್ಷಣೆ (ವೈರಸ್ ವಿರುದ್ಧ ದೇಹದ ಮೊದಲ ತಡೆ) ಕೆಲಸ ಮಾಡದ ಹಾಗೆ ಮಾಡಿದ ವಿಶೇಷ ತಳಿಯ ಇಲಿ ಬೇಕು. ಕಾಯಿಲೆಯೇ ಬೀಳದ ಇಲಿಯಲ್ಲಿ ಶೇ 90 ರಕ್ಷಣೆ ಸಿಕ್ಕಿತು ಅಂದರೆ ಅದಕ್ಕೆ ಅರ್ಥವಿಲ್ಲ, ಅಲ್ವಾ? ಈ ಪ್ರಶ್ನೆಗೆ ಹುಡುಗ ತಡವರಿಸದೆ ಉತ್ತರ ಕೊಟ್ಟರೆ ಅದು ಒಳ್ಳೆಯ ಲಕ್ಷಣ. ನೀವು ವಿಜ್ಞಾನ ಪಾಠ ಮಾಡಿದವರು, ಉತ್ತರದಲ್ಲಿ ಗಟ್ಟಿ ಎಷ್ಟು ಜೊಳ್ಳು ಎಷ್ಟು ಅಂತ ನಿಮಗೇ ತಿಳಿಯುತ್ತದೆ.

ಇನ್ನು ಎರಡು ಕಾಯಿಲೆಗೂ ಒಂದೇ ಸಲ ಲಸಿಕೆ ಅನ್ನುವ ಮಾತು. ಹುಡುಗರಿಗೆ ಹಾಗೆ ಯಾಕೆ ಅನ್ನಿಸಿದೆ ಅಂತ ನನಗೆ ಗೊತ್ತಾಗುತ್ತದೆ. ಎರಡೂ ಫ್ಲೇವಿವೈರಸ್ ಕುಟುಂಬದವು. ಒಂದರ ಮೇಲ್ಮೈ ಪ್ರೋಟೀನ್ ಮಾಡಲು ಕಲಿತವರು ಇನ್ನೊಂದರದ್ದನ್ನೂ ಮಾಡಬಹುದು. ಆದರೆ ಲಸಿಕೆಯಾಗಿ, ವ್ಯಾಪಾರವಾಗಿ, ಇವೆರಡಕ್ಕೂ ಸಂಬಂಧವೇ ಇಲ್ಲ.

ಡೆಂಗಿಯಲ್ಲಿ ನಾಲ್ಕು ವಿಧದ ವೈರಸ್ ಇವೆ. ಒಂದು ವಿಧ ಬಂದು ಹೋದವರಿಗೆ ಮುಂದೆ ಇನ್ನೊಂದು ವಿಧ ಬಂದರೆ ಕೆಲವರಲ್ಲಿ ಕಾಯಿಲೆ ಜೋರಾಗುತ್ತದೆ, ಯಾಕೆಂದರೆ ಹಳೆಯ ಅರೆಬರೆ ಪ್ರತಿಕಾಯವೇ ಹೊಸ ವೈರಸ್ಸನ್ನು ಕೈಹಿಡಿದು ಜೀವಕೋಶದ ಒಳಗೆ ಕರೆದುಕೊಂಡು ಹೋಗುತ್ತದೆ. ಅಂದರೆ ಅರೆಬರೆ ಲಸಿಕೆ ಹಾಕುವುದು ಹಾಕದೇ ಇರುವುದಕ್ಕಿಂತ ಕೆಟ್ಟದಾಗಬಹುದು. ಇದು ಬರೀ ಪುಸ್ತಕದ ಮಾತಲ್ಲ. ಸನೋಫಿಯಂಥ ದೊಡ್ಡ ಕಂಪನಿಯ ಡೆಂಗ್‌ವ್ಯಾಕ್ಸಿಯಾ ಲಸಿಕೆಯನ್ನು ಫಿಲಿಪ್ಪೀನ್ಸ್ 2016ರಲ್ಲಿ ಶಾಲಾ ಮಕ್ಕಳಿಗೆ ಕೊಡಲು ಶುರು ಮಾಡಿತು. 8 ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಹಾಕಿ ಆಗಿತ್ತು. 2017ರ ನವೆಂಬರಿನಲ್ಲಿ ಕಂಪನಿಯೇ ಹೇಳಿತು: ಮೊದಲು ಡೆಂಗಿ ಬಂದಿರದವರಿಗೆ ಈ ಲಸಿಕೆ ಹಾಕಿದರೆ ಮುಂದೆ ತೀವ್ರ ಡೆಂಗಿಯ ಅಪಾಯ ಹೆಚ್ಚು. ಕಾರ್ಯಕ್ರಮ ಅಲ್ಲಿಗೆ ನಿಂತಿತು. ಆ ದೇಶದಲ್ಲಿ ಜನ ಬೇರೆ ಲಸಿಕೆಗಳನ್ನೂ ಅನುಮಾನದಿಂದ ನೋಡುವ ಹಾಗಾಯಿತು. ಸಾವಿರಾರು ಮಕ್ಕಳಲ್ಲಿ ಪರೀಕ್ಷೆ ಮಾಡಿ ಬಂದ ಲಸಿಕೆಗೇ ಹೀಗಾದ ಮೇಲೆ, ಡೆಂಗಿ ಲಸಿಕೆ ಅಂದ ತಕ್ಷಣ ಯಾವ ದೇಶದ ಔಷಧ ನಿಯಂತ್ರಕರೂ ವರ್ಷಗಟ್ಟಲೆ ನಿಗಾ ಇಟ್ಟ ಮಾಹಿತಿ ಕೇಳುತ್ತಾರೆ. ಕೇಳಲೇಬೇಕು.

ಪೈಪೋಟಿಯೂ ಸಣ್ಣದಲ್ಲ. ನಮ್ಮಲ್ಲೇ ಪ್ಯಾನೇಸಿಯಾ ಬಯೋಟೆಕ್ ಮತ್ತು ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸೇರಿ 2024ರ ಆಗಸ್ಟಿನಲ್ಲಿ ಡೆಂಗಿಆಲ್ ಲಸಿಕೆಯ ಮೂರನೇ ಹಂತದ, ಅಂದರೆ ಅನುಮತಿಗೆ ಮೊದಲಿನ ದೊಡ್ಡ ಪರೀಕ್ಷೆ ಶುರು ಮಾಡಿದವು, 10 ಸಾವಿರಕ್ಕೂ ಹೆಚ್ಚು ಜನರ ಮೇಲೆ. ಅದರ ಮೂಲ ವೈರಸ್ ತಳಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಿಂದ ಬಂದದ್ದು. ಅದೇ ಮೂಲದ ಒಂದೇ ಡೋಸಿನ ಲಸಿಕೆಗೆ ಬ್ರೆಜಿಲ್ 2025ರಲ್ಲಿ ಅನುಮತಿ ಕೊಟ್ಟಾಗಿದೆ. ಮೈಸೂರಿನ ಮೂರು ಹುಡುಗರು ಈ ಸಾಲಿನಲ್ಲಿ ನಿಲ್ಲುತ್ತಾರೆ ಅಂದರೆ, ತಮ್ಮದು ಇವುಗಳಿಗಿಂತ ಯಾವುದರಲ್ಲಿ ಮೇಲು ಅಂತ ಒಂದೇ ವಾಕ್ಯದಲ್ಲಿ ಹೇಳಲು ಬರಬೇಕು.

ಮಂಗನ ಕಾಯಿಲೆ ಇದಕ್ಕೆ ತದ್ವಿರುದ್ಧ. ಅಲ್ಲಿ ನಿಜವಾಗಿ ಲಸಿಕೆ ಬೇಕು, ಇವತ್ತೇ ಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಗೊತ್ತಾದ ಕಾಯಿಲೆ ಇದು. ಉಣ್ಣೆ ಹುಳ (ಉಣುಗು) ಕಚ್ಚಿ ಹರಡುತ್ತದೆ. ಮಲೆನಾಡಿನದ್ದು ಅಂತ ನಾವು ಈ ಕಡೆಯವರು ಸುಮ್ಮನಿದ್ದೆವು, 2012ರ ಹೊತ್ತಿಗೆ ಬಂಡೀಪುರದಲ್ಲೂ ಕಾಣಿಸಿಕೊಂಡಿತು. ಹಳೆಯ ಲಸಿಕೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಸಂಸ್ಥೆಯಲ್ಲಿ ತಯಾರಾಗುತ್ತಿತ್ತು (ನಮ್ಮ ಮೈಸೂರಿನ ಹೆಬ್ಬಾಳ ಅಲ್ಲ). ಕೋಳಿಮೊಟ್ಟೆಯ ಭ್ರೂಣದ ಕೋಶಗಳಲ್ಲಿ ವೈರಸ್ ಬೆಳೆಸಿ ಫಾರ್ಮಾಲಿನ್ ಹಾಕಿ ಸಾಯಿಸಿದ ಲಸಿಕೆ. 1990ರ ದಶಕದ ಶುರುವಿನಲ್ಲಿ ಎರಡು ಡೋಸ್ ಹಾಕಿಸಿಕೊಂಡವರಲ್ಲಿ ಶೇ 90ಕ್ಕೂ ಹೆಚ್ಚು ರಕ್ಷಣೆ ಕಂಡಿತ್ತು, 2005ರಿಂದ 2010ರ ಮಾಹಿತಿ ನೋಡಿದಾಗ ಅದು ಶೇ 62ರ ಆಸುಪಾಸಿಗೆ ಇಳಿದಿತ್ತು. ಚುಚ್ಚಿದರೆ ವಿಪರೀತ ನೋವು, ಮೇಲಿಂದ ಮೇಲೆ ಬೂಸ್ಟರ್ ಬೇರೆ. ಜನ ಎರಡನೇ ಡೋಸಿಗೆ ಬರುತ್ತಿರಲಿಲ್ಲ. ಕೊನೆಗೆ ಅದನ್ನು ಕೊಡುವುದೇ ನಿಂತಿತು. ಈಗ ಐಸಿಎಂಆರ್ ಹೈದರಾಬಾದಿನ ಇಂಡಿಯನ್ ಇಮ್ಯುನಲಾಜಿಕಲ್ಸ್ ಜೊತೆ ಸೇರಿ ಹೊಸ ಲಸಿಕೆ ತಯಾರಿಸುತ್ತಿದೆ.

ಆದರೆ ಹೂಡಿಕೆದಾರರ ಕಣ್ಣಿಂದ ನೋಡಿ. ವರ್ಷಕ್ಕೆ ಕೆಲವು ನೂರು ಪ್ರಕರಣ, ಅವೂ ಕಾಡಂಚಿನ ಹಳ್ಳಿಗಳಲ್ಲಿ ಚದುರಿದಂತೆ. ಕೊಳ್ಳುವವರು ಯಾರು? ಸರ್ಕಾರ ಮಾತ್ರ, ಅದೂ ನಾಲ್ಕೈದು ರಾಜ್ಯಗಳದ್ದು. ಕಾಯಿಲೆ ಇಷ್ಟು ವಿರಳವಾಗಿದ್ದರೆ ಮೂರನೇ ಹಂತದ ಪರೀಕ್ಷೆಯೇ ಕಷ್ಟ. ಈ ವರ್ಷ ಯಾವ ಹಳ್ಳಿಯಲ್ಲಿ ಬರುತ್ತದೆ ಅಂತ ಯಾರಿಗೂ ಗೊತ್ತಿರುವುದಿಲ್ಲ, ಹತ್ತಾರು ಸಾವಿರ ಜನರಿಗೆ ಹಾಕಿ ಕಾದರೂ ಲೆಕ್ಕಕ್ಕೆ ಸಾಕಾಗುವಷ್ಟು ಪ್ರಕರಣ ಸಿಗದೇ ಹೋಗಬಹುದು. ಒಟ್ಟಿನಲ್ಲಿ ಡೆಂಗಿಗೆ ಮಾರ್ಕೆಟ್ ಇದೆ, ಹುಡುಗರಿಗೆ ಜಾಗ ಇಲ್ಲ. ಮಂಗನ ಕಾಯಿಲೆಯಲ್ಲಿ ಜಾಗ ಇದೆ, ಮಾರ್ಕೆಟ್ ಇಲ್ಲ. ಎರಡರಲ್ಲಿ ಯಾವುದನ್ನು ಬಿಡುತ್ತೀಯ ಅಂತ ಸೋದರಳಿಯನನ್ನು ಕೇಳಿ. ಎರಡೂ ಬೇಕು ಅಂದರೆ ಅವನು ಇನ್ನೂ ಲೆಕ್ಕ ಹಾಕಿಲ್ಲ ಅಂತ ಅರ್ಥ.

ಈಗ ನನ್ನ ಹಳೆಯ ಕಸುಬಿಗೆ ಬರುತ್ತೇನೆ. ಹುಡುಗರೆಲ್ಲ ಎಡವುವುದು ಇಲ್ಲೇ. ಇಲಿಗೆ ಕೊಟ್ಟ ಲಸಿಕೆ ಲ್ಯಾಬಿನಲ್ಲಿ ಕೈಯಿಂದ ಮಾಡಿದ್ದು, ಕೆಲವು ಮಿಲಿಗ್ರಾಂ. ಮನುಷ್ಯರಿಗೆ ಕೊಡುವುದು ಹಾಗಲ್ಲ. ನಿಮ್ಮ ಕಡೆ ಆಲೆಮನೆ ನೋಡಿರುತ್ತೀರಿ. ಒಂದು ದಿನ ಹದ ಸಿಕ್ಕಿ ಬಂಗಾರದ ಬಣ್ಣದ ಬೆಲ್ಲ ಆಯಿತು ಅನ್ನೋದು ಬೇರೆ, ಯಾವ ಗದ್ದೆಯ ಕಬ್ಬು ಬಂದರೂ ಯಾವ ಮಳೆಯಿದ್ದರೂ ವರ್ಷವಿಡೀ ಪ್ರತಿ ಅಚ್ಚೂ ಅದೇ ಬಣ್ಣ, ಅದೇ ಗಟ್ಟಿ, ಅದೇ ತೂಕ ಇರಬೇಕು, ಇಲ್ಲದಿದ್ದರೆ ಇಡೀ ಪಾಕ ಚೆಲ್ಲಬೇಕು ಅನ್ನೋದು ಬೇರೆ. ಲಸಿಕೆ ಕಾರ್ಖಾನೆ ಎರಡನೇ ಬಗೆಯದು.

ಪ್ರೋಟೀನ್ ತಯಾರಿಸುವ ಜೀವಕೋಶಗಳನ್ನು ಹೆಪ್ಪುಗಟ್ಟಿಸಿ ಇಟ್ಟ ಸೆಲ್ ಬ್ಯಾಂಕ್ ಇರಬೇಕು, ಅದರಲ್ಲಿ ಬೇರೆ ಯಾವ ವೈರಸ್ಸೂ ಸೇರಿಲ್ಲ ಅಂತ ಪರೀಕ್ಷೆ ಆಗಿರಬೇಕು. ಸಣ್ಣ ಪಾತ್ರೆಯಲ್ಲಿ ಬೆಳೆದದ್ದು ದೊಡ್ಡ ಬಯೋರಿಯಾಕ್ಟರಿನಲ್ಲಿ ಅದೇ ರೀತಿ ಬೆಳೆಯಬೇಕು. ಎಷ್ಟೋ ಸಲ ಬೆಳೆಯುವುದಿಲ್ಲ. ಪ್ರೋಟೀನ್ ಮಡಚಿಕೊಳ್ಳುವ ರೀತಿ ಸ್ವಲ್ಪ ಬದಲಾದರೂ ಅದು ಎಬ್ಬಿಸುವ ಪ್ರತಿಕಾಯ ಬದಲಾಗುತ್ತದೆ. ಸೀಸೆಗೆ ತುಂಬಿದ ಮೇಲೆ 2ರಿಂದ 8 ಡಿಗ್ರಿಯಲ್ಲಿ ಎಷ್ಟು ತಿಂಗಳು ಕೆಡದೆ ಇರುತ್ತದೆ ಅಂತ ತೋರಿಸಬೇಕು. ಆ ತಿಂಗಳುಗಳನ್ನು ಕಾದೇ ತೋರಿಸಬೇಕು, ಬೇಗ ಮುಗಿಸುವ ದಾರಿ ಇಲ್ಲ. ನಾನಿದ್ದ ಒಂದು ಕಡೆ ಉಳಿದ ಎಲ್ಲ ಪರೀಕ್ಷೆ ದಾಟಿದ ಬ್ಯಾಚನ್ನು ಸ್ಟೆರಿಲಿಟಿಯಲ್ಲಿ (ಯಾವ ಸೂಕ್ಷ್ಮಜೀವಿಯೂ ಸೇರಿಲ್ಲ ಅನ್ನುವುದರಲ್ಲಿ) ಒಂದು ಸಣ್ಣ ಅನುಮಾನ ಬಂದದ್ದಕ್ಕೆ ಪೂರ್ತಿ ನಾಶ ಮಾಡಿದರು. ಯಾರೂ ಮರುಮಾತಾಡಲಿಲ್ಲ. ಇದನ್ನೆಲ್ಲ ಸ್ವಂತ ಕಾರ್ಖಾನೆ ಕಟ್ಟಿ ಮಾಡಲು ಸ್ಟಾರ್ಟಪ್‌ಗೆ ಆಗುವುದಿಲ್ಲ, ಬೇರೆ ಕಂಪನಿಗೆ ಗುತ್ತಿಗೆ ಕೊಟ್ಟು ಮಾಡಿಸಬೇಕು. ನಿನ್ನ ಮೊದಲ ಬ್ಯಾಚ್ ಯಾರು ಮಾಡಿಕೊಡುತ್ತಾರೆ, ಎಷ್ಟು ಕೇಳಿದ್ದಾರೆ, ಕೊಟೇಶನ್ ತೋರಿಸು ಅನ್ನಿ.

ಅದರ ಜೊತೆಗೆ ಅಡ್ಜುವಂಟ್ ಅಂತ ಒಂದು ಇದೆ, ಲಸಿಕೆಯ ಕೆಲಸಕ್ಕೆ ಕಸುವು ಕೊಡುವ ವಸ್ತು. ಲ್ಯಾಬಿಗೆ ಯಾವುದನ್ನೋ ತರಿಸಿ ಇಲಿಗೆ ಹಾಕಿರುತ್ತಾರೆ. ಅದು ಬೇರೆಯವರ ಪೇಟೆಂಟ್ ಆಗಿದ್ದರೆ, ಅಥವಾ ಮನುಷ್ಯರಿಗೆ ಕೊಡುವಂಥದ್ದೇ ಅಲ್ಲದಿದ್ದರೆ, ಆ ಇಲಿ ಪ್ರಯೋಗ ಮತ್ತೆ ಮೊದಲಿಂದ. ಇದನ್ನು ಮರೆಯದೆ ಕೇಳಿ.

ಆಮೇಲೆ ವಿಷಕಾರಿ ಅಂಶದ ಪರೀಕ್ಷೆ, ಮಾನ್ಯತೆ ಇರುವ ಲ್ಯಾಬಿನಲ್ಲಿ. ಜೀನ್ ತಿದ್ದಿ ಮಾಡಿದ್ದಾದರೆ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ ಸಮಿತಿ ನೋಡಬೇಕು. ಅದಾದ ಮೇಲೆ ಕೇಂದ್ರ ಔಷಧ ನಿಯಂತ್ರಕರಿಗೆ ಅರ್ಜಿ, ಆಸ್ಪತ್ರೆಯ ನೀತಿ ಸಮಿತಿಯ ಒಪ್ಪಿಗೆ. ಮನುಷ್ಯರ ಮೇಲಿನ ಮೊದಲ ಹಂತಕ್ಕೆ ಕೆಲವೇ ಹತ್ತಾರು ಜನ, ಎರಡನೆಯದಕ್ಕೆ ನೂರಾರು, ಮೂರನೆಯದಕ್ಕೆ ಸಾವಿರಾರು. ನಮ್ಮ ಊರಿಗೆ ಹೊಸ ಲಸಿಕೆ ಹೊಸ ಸಂಗತಿಯೇನೂ ಅಲ್ಲ ಬಿಡಿ. 1805ರ ಸುಮಾರಿಗೆ ಸಿಡುಬಿನ ಲಸಿಕೆಯನ್ನು ಜನ ನಂಬಲಿ ಅಂತ ಮೈಸೂರು ಅರಮನೆಯ ರಾಣಿಯರೇ ಚಿತ್ರಕ್ಕೆ ನಿಂತರು ಎಂದು ಇತಿಹಾಸಕಾರರು ಹೇಳುವ ಒಂದು ವರ್ಣಚಿತ್ರವೇ ಇದೆ. ಆಗ ರಾಣಿಯರು ತೋಳು ತೋರಿಸಿದರೆ ನಡೆಯುತ್ತಿತ್ತು, ಈಗ ಕಡತ ತೋರಿಸಬೇಕು.

ಇದಕ್ಕೆಲ್ಲ ಎಷ್ಟು ಖರ್ಚು? 2018ರಲ್ಲಿ ಲ್ಯಾನ್ಸೆಟ್ ಬಳಗದ ಒಂದು ಪತ್ರಿಕೆಯಲ್ಲಿ ಬಂದ ಅಂದಾಜಿನ ಪ್ರಕಾರ, ಸಾಂಕ್ರಾಮಿಕ ರೋಗದ ಒಂದು ಲಸಿಕೆಯನ್ನು ಪ್ರಾಣಿ ಪ್ರಯೋಗದಿಂದ ಎರಡನೇ ಹಂತದ ಮೊದಲ ಭಾಗ ಮುಗಿಸುವವರೆಗೆ ತರಲು 3.1 ಕೋಟಿಯಿಂದ 6.8 ಕೋಟಿ ಡಾಲರ್ ಬೇಕು. ರೂಪಾಯಿಯಲ್ಲಿ ಇನ್ನೂರೈವತ್ತು ಕೋಟಿ ದಾಟುತ್ತದೆ. ಅದೂ ನಡುವೆ ಯಾವುದೂ ಕೈಕೊಡುವುದಿಲ್ಲ ಅಂತ ಇಟ್ಟುಕೊಂಡರೆ. ನಮ್ಮ ದೇಶದಲ್ಲಿ ಇದಕ್ಕಿಂತ ಅಗ್ಗವಾಗಿ ಮಾಡುತ್ತಾರೆ, ನಿಜ. ಆದರೂ ನಿಮ್ಮ 20 ಲಕ್ಷ ಹುಡುಗರ ಕೆಲವು ತಿಂಗಳ ಸಂಬಳ ಮತ್ತು ಕೆಮಿಕಲ್ ಖರ್ಚಿಗೆ ಆಗುತ್ತದೆ ಅಷ್ಟೇ.

ಸಮಯದ ವಿಷಯಕ್ಕೆ ಒಂದೆರಡು ಉದಾಹರಣೆ ಸಾಕು. ಮಕ್ಕಳ ಭೇದಿಗೆ ಕೊಡುವ ರೋಟಾವ್ಯಾಕ್ ನಮ್ಮದೇ ಹೆಮ್ಮೆಯ ಲಸಿಕೆ. ಅದರ ಮೂಲ ವೈರಸ್ ತಳಿ ದೆಹಲಿಯ ಏಮ್ಸ್‌ನಲ್ಲಿ 1980ರ ದಶಕದ ನಡುವಿನಲ್ಲಿ ಸಿಕ್ಕಿತು, ಡಾ. ಎಂ.ಕೆ. ಭಾನ್ ಅವರ ತಂಡಕ್ಕೆ. ಲಸಿಕೆ ಬಿಡುಗಡೆಯಾದದ್ದು 2015ರಲ್ಲಿ. ಫೈಜರ್ ಜೊತೆ ಕೋವಿಡ್ ಲಸಿಕೆ ಮಾಡಿದ ಜರ್ಮನಿಯ ಬಯೋಎನ್‌ಟೆಕ್ ಶುರುವಾದದ್ದು 2008ರಲ್ಲಿ. ಅದರ ಮೊದಲ ಉತ್ಪನ್ನ ಜನರ ಕೈಗೆ ಬಂದದ್ದು 2020ರ ಕೊನೆಗೆ.

ಹಾಗಾದರೆ ಕೋವಿಡ್ ಲಸಿಕೆ ಒಂದೇ ವರ್ಷದಲ್ಲಿ ಹೇಗೆ ಬಂತು? ಹುಡುಗ ಇದನ್ನೇ ಹಿಡಿದುಕೊಂಡಿದ್ದಾನೆ, ಎಲ್ಲರೂ ಇದನ್ನೇ ಹಿಡಿದುಕೊಳ್ಳುತ್ತಾರೆ. ಆ ಒಂದು ವರ್ಷದ ಹಿಂದೆ 2003ರ ಸಾರ್ಸ್ ಕಾಲದಿಂದ ಮಾಡಿದ ಕೆಲಸ ಇತ್ತು. ಲಸಿಕೆ ಕೆಲಸ ಮಾಡುತ್ತದೋ ಇಲ್ಲವೋ ಗೊತ್ತಾಗುವ ಮೊದಲೇ ಹಲವು ಸರ್ಕಾರಗಳು ದುಡ್ಡು ಸುರಿದು ಡೋಸ್ ಮಾಡಿಸಿ ಇಟ್ಟವು. ಒಂದರ ನಂತರ ಒಂದು ನಡೆಯಬೇಕಾದ ಹಂತಗಳನ್ನು ಒಟ್ಟೊಟ್ಟಿಗೆ ನಡೆಸಿದರು. ಎಲ್ಲಕ್ಕಿಂತ ಮುಖ್ಯವಾಗಿ ಊರಿಗೆಲ್ಲ ಕಾಯಿಲೆ ಇತ್ತು, ಹಾಗಾಗಿ ಲಸಿಕೆ ಹಾಕಿದವರಿಗೂ ಹಾಕದವರಿಗೂ ಇರುವ ವ್ಯತ್ಯಾಸ ತಿಂಗಳುಗಳಲ್ಲೇ ಕಂಡಿತು. ನಮ್ಮ ಕೋವ್ಯಾಕ್ಸಿನ್‌ಗೆ ವೈರಸ್ ತಳಿ ಕೊಟ್ಟದ್ದೇ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ. 2021ರ ಜನವರಿ 3ರಂದು ತುರ್ತು ಅನುಮತಿ ಸಿಕ್ಕಾಗ ಅದರ ಮೂರನೇ ಹಂತದ ಫಲಿತಾಂಶ ಇನ್ನೂ ಬಂದಿರಲಿಲ್ಲ. ಆ ಅವಸರ ನನಗೆ ಆಗಲೂ ಸರಿ ಕಂಡಿರಲಿಲ್ಲ, ಈಗಲೂ ಇಲ್ಲ, ಮುಂದೆ ಫಲಿತಾಂಶ ಚೆನ್ನಾಗಿ ಬಂತು ಅನ್ನೋದು ಬೇರೆ ಮಾತು. ಈ ಯಾವ ಅನುಕೂಲವೂ ಮೈಸೂರಿನ ಹುಡುಗರಿಗೆ ಇಲ್ಲ.

ಚಿಕ್ಕವರು ಗೆದ್ದದ್ದೇ ಇಲ್ಲವಾ ಅಂದರೆ, ಇದ್ದಾರೆ. ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ನೋಡಿ. ವರಪ್ರಸಾದ ರೆಡ್ಡಿಯವರು 1993ರಲ್ಲಿ ಶುರು ಮಾಡಿ 1997ರಲ್ಲಿ ಹೆಪಟೈಟಿಸ್ ಬಿ ಲಸಿಕೆ ತಂದರು, ವಿದೇಶಿ ಲಸಿಕೆಗಿಂತ ತೀರಾ ಕಡಿಮೆ ಬೆಲೆಗೆ. ಆದರೆ ಒಂದು ಸೂಕ್ಷ್ಮ ಗಮನಿಸಿ. ಅವರು ಹೊಸ ಲಸಿಕೆ ಕಂಡುಹಿಡಿಯಲಿಲ್ಲ. ಕೆಲಸ ಮಾಡುತ್ತದೆ ಅಂತ ಜಗತ್ತಿಗೇ ಗೊತ್ತಿದ್ದ ಲಸಿಕೆಯನ್ನು ಇಲ್ಲಿ ಅಗ್ಗವಾಗಿ ಮಾಡುವುದು ಹೇಗೆ ಅಂತ ಕಂಡುಕೊಂಡರು. ನಿಮ್ಮ ಸೋದರಳಿಯ ಹೊಸ ಲಸಿಕೆ ಮಾಡಲು ಹೊರಟಿದ್ದಾನೆ, ಅವನ ದಾರಿ ಉದ್ದ.

ನಾನು ಅವನ ಜಾಗದಲ್ಲಿದ್ದರೆ ದನಗಳ ಕಡೆ ತಿರುಗುತ್ತಿದ್ದೆ. ಮಂಡ್ಯ ಜಿಲ್ಲೆಯಲ್ಲಿ ಹಾಲು ಹಾಕದ ಮನೆ ಯಾವುದಿದೆ ಹೇಳಿ. ಕಾಲುಬಾಯಿ ಜ್ವರ, ಚರ್ಮಗಂಟು ರೋಗ, ಇವು ಬಂದರೆ ಮನೆಯ ಲೆಕ್ಕವೇ ತಪ್ಪುತ್ತದೆ. ಪಶು ಲಸಿಕೆಯಲ್ಲಿ ದೊಡ್ಡ ಅನುಕೂಲ ಏನೆಂದರೆ, ಇಲಿಯಿಂದ ಮನುಷ್ಯರಿಗೆ ಅಂದಾಜು ಮಾಡುವ ಕಷ್ಟ ಇಲ್ಲ. ಯಾವ ಪ್ರಾಣಿಗೆ ಲಸಿಕೆಯೋ ಅದರಲ್ಲೇ ವೈರಸ್ ಕೊಟ್ಟು ನೋಡಬಹುದು. ಖರ್ಚೂ ಕಡಿಮೆ. ಹಾಗಂತ ಅದೂ ಎರಡು ವರ್ಷದ ಕೆಲಸವಲ್ಲ. ಚರ್ಮಗಂಟು ರೋಗದ ವೈರಸ್ಸನ್ನು 2019ರಲ್ಲಿ ರಾಂಚಿಯ ದನಗಳಿಂದ ತೆಗೆದರು. ಹಿಸಾರ್ ಮತ್ತು ಇಜ್ಜತ್‌ನಗರದ ಸರ್ಕಾರಿ ಸಂಸ್ಥೆಗಳು 2022ರ ಆಗಸ್ಟಿನಲ್ಲಿ ಲಸಿಕೆ ಸಿದ್ಧ ಅಂತ ಘೋಷಿಸಿದವು. ಅದನ್ನು ತಯಾರಿಸುವ ನಮ್ಮ ಮಾಲೂರಿನ ಬಯೋವೆಟ್ ಕಂಪನಿಗೆ ಲೈಸೆನ್ಸ್ ಸಿಕ್ಕಿದ್ದು 2025ರಲ್ಲಿ. ಸರ್ಕಾರ ಬೆನ್ನಿಗಿದ್ದು, ಲಕ್ಷಾಂತರ ದನ ಕಾಯಿಲೆ ಬಿದ್ದು, ದನದ ಲಸಿಕೆಗೇ ಆರು ವರ್ಷ.

ಇನ್ನು ನಿಮ್ಮ ಹಣ. ಇಂಥ ಕೆಲಸಕ್ಕೆ ಶುರುವಿನಲ್ಲಿ ಬರಬೇಕಾದದ್ದು ಅನುದಾನ. ಬಯೋಟೆಕ್ ಉದ್ಯಮಕ್ಕೆ ನೆರವು ಕೊಡುವ ಕೇಂದ್ರದ ಬೈರಾಕ್ ಸಂಸ್ಥೆಯ ಬಿಗ್ ಯೋಜನೆಯಲ್ಲಿ 50 ಲಕ್ಷದವರೆಗೆ ಕೊಡುತ್ತಾರೆ, ಹದಿನೆಂಟು ತಿಂಗಳಿಗೆ, ಕಂಪನಿಯ ಪಾಲು ಕೇಳುವುದಿಲ್ಲ. ನಮ್ಮ ರಾಜ್ಯದ ಎಲಿವೇಟ್ ಯೋಜನೆಯೂ ಇದೆ. ಹುಡುಗರು ಇವಕ್ಕೆ ಅರ್ಜಿ ಹಾಕಿದ್ದಾರಾ? ಹಾಕಿಲ್ಲದಿದ್ದರೆ ಯಾಕೆ? ಹಾಕಿ ಸಿಗದಿದ್ದರೆ ಪರಿಶೀಲಿಸಿದವರು ಏನು ಬರೆದು ಕೊಟ್ಟರು? ಆ ಪತ್ರ ಇದ್ದರೆ ನನ್ನ ಈ ಇಡೀ ಉತ್ತರಕ್ಕಿಂತ ಅದು ಉಪಯೋಗಕ್ಕೆ ಬರುತ್ತದೆ. ವಿಷಯ ಗೊತ್ತಿದ್ದವರು ಕಂಪನಿಯ ಕಾಗದ ಪೂರ್ತಿ ಓದಿ ಬರೆದಿರುತ್ತಾರೆ.

ಖಾಸಗಿ ಕಂಪನಿ ಊರವರಿಂದೆಲ್ಲ ಹಣ ಎತ್ತುವಂತಿಲ್ಲ, ಅದಕ್ಕೆ ಕಾನೂನಿನ ಕಟ್ಟುಪಾಡು ಇದೆ. ಕೊಡುವುದಾದರೆ ಶೇರಿನ ರೂಪದಲ್ಲಿ, ಬ್ಯಾಂಕ್ ಮೂಲಕ, ಕಂಪನಿಯಿಂದ ಶೇರಿನ ಆಫರ್ ಪತ್ರ ತೆಗೆದುಕೊಂಡು ಕೊಡಬೇಕು. ತಿಂಗಳಿಗೆ ಇಷ್ಟು ಬಡ್ಡಿ ಕೊಡುತ್ತೇವೆ ಅಂತ ಯಾರಾದರೂ ಅಂದರೆ ಅಲ್ಲಿಂದ ಎದ್ದು ಬನ್ನಿ. ಹತ್ತು ವರ್ಷ ಒಂದು ರೂಪಾಯಿ ಆದಾಯ ಇಲ್ಲದ ಕಂಪನಿ ಬಡ್ಡಿ ಎಲ್ಲಿಂದ ಕೊಡುತ್ತದೆ? ಶೇರು ತೆಗೆದುಕೊಂಡರೂ ಒಂದು ಮಾತು ತಿಳಿದಿರಲಿ. ಇವತ್ತು ನಿಮ್ಮ 20 ಲಕ್ಷಕ್ಕೆ ಶೇ 5 ಪಾಲು ಸಿಕ್ಕಿತು ಅಂತಿಟ್ಟುಕೊಳ್ಳಿ. ಮುಂದೆ ದೊಡ್ಡ ಹೂಡಿಕೆದಾರರು ಬಂದು ಹೊಸ ಶೇರು ತೆಗೆದುಕೊಂಡ ಹಾಗೆಲ್ಲ ನಿಮ್ಮ ಪಾಲು ಕರಗುತ್ತಾ ಶೇ 1ಕ್ಕಿಂತ ಕೆಳಗೆ ಬರಬಹುದು. ನಡುವೆ ಮಾರಿ ಹೊರಬರೋಣ ಅಂದರೆ ಕೊಳ್ಳುವವರು ಸಿಗುವುದಿಲ್ಲ.

ಹಾಗಾಗಿ ನಿವೃತ್ತಿ ಹಣದಲ್ಲಿ 20 ಲಕ್ಷ ಬೇಡ. ಹುಡುಗನ ಮೇಲಿನ ಪ್ರೀತಿಗೆ ಏನಾದರೂ ಕೊಡಲೇಬೇಕು ಅನ್ನಿಸಿದರೆ, ಹೋದರೂ ನಿಮ್ಮ ಔಷಧಿ ಖರ್ಚಿಗೆ, ಮನೆಗೆ, ತಂಗಿಯ ಜೊತೆಗಿನ ಸಂಬಂಧಕ್ಕೆ ಪೆಟ್ಟು ಬೀಳದಷ್ಟು ಕೊಡಿ, ಒಂದೋ ಎರಡೋ ಲಕ್ಷ. ಅದಕ್ಕೂ ಶೇರು ಪತ್ರ ಬರೆಸಿಕೊಳ್ಳಿ, ಮನೆಯವನು ಅಂತ ಬಿಡಬೇಡಿ. ಮೊದಲು ಅತ್ತಿಗೆಯವರಿಗೂ ವಿಷಯ ಹೇಳಿ, ಅದು ಅವರ ಮುಪ್ಪಿನ ಹಣವೂ ಹೌದು.

ಇಲಿ ಪ್ರಯೋಗದ ವರದಿಯನ್ನು ಹುಡುಗ ಕೊಡಲು ಒಪ್ಪಿದರೆ ಕಳಿಸಿ, ಓದಿ ಹೇಳುತ್ತೇನೆ. ಗುಟ್ಟು ಬಯಲಾಗುತ್ತದೆ ಅಂದರೆ ಗೋಪ್ಯತೆ ಒಪ್ಪಂದಕ್ಕೆ ನನ್ನ ಸಹಿ ತೆಗೆದುಕೊಳ್ಳಲಿ, ಈ ಕ್ಷೇತ್ರದಲ್ಲಿ ಅದು ಮಾಮೂಲು. ಎಷ್ಟು ಇಲಿ, ಯಾವ ತಳಿ, ಲಸಿಕೆ ಹಾಕದ ಗುಂಪು ಇತ್ತಾ, ಎರಡನೇ ಸಲ ಮಾಡಿದಾಗಲೂ ಅದೇ ಫಲಿತಾಂಶ ಬಂತಾ, ಇಷ್ಟು ಇರುವ ಪುಟಗಳನ್ನು ಕಳಿಸಿದರೆ ಸಾಕು.